ಸೇರಬಾರದ ಸಾಕ್ಷ್ಯದ ಮೇಲೆ ಶಿಕ್ಷೆಯಾದಾಗ: ಕ್ರಿಮಿನಲ್ ಮೇಲ್ಮನವಿಯ ಸಮಗ್ರ ಮಾರ್ಗದರ್ಶಿ

ತೀರ್ಪು ಬಂದ ದಿನ ಸಂಜೆ ಮನೆಯವರು ವಕೀಲರ ಕಚೇರಿಯಲ್ಲಿ ಕೂತು ಕೇಳುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ: ‘ಸಾರ್, ಆ ರಿಪೋರ್ಟನ್ನು ಜಡ್ಜ್ ಹೇಗೆ ನಂಬಿದರು?’ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಮೇಲಿನ ನ್ಯಾಯಾಲಯ ತನ್ನನ್ನು ತಾನು ಕೇಳಿಕೊಳ್ಳುವುದು ಬೇರೆ ಎರಡು ಪ್ರಶ್ನೆ. ಆ ಸಾಕ್ಷ್ಯ ಕಾನೂನಿನ ಪ್ರಕಾರ ಕಡತಕ್ಕೆ ಬರಬಹುದಿತ್ತೇ? ಬರಬಾರದಿತ್ತು ಅಂತಾದರೆ, ಅದನ್ನು ತೆಗೆದಿಟ್ಟ ಮೇಲೂ ಶಿಕ್ಷೆ ನಿಲ್ಲುತ್ತದೆಯೇ?

ಈ ಎರಡನೆಯ ಪ್ರಶ್ನೆಯಲ್ಲೇ ಬಹಳಷ್ಟು ಮೇಲ್ಮನವಿಗಳು ಮುಗ್ಗರಿಸುತ್ತವೆ. ಭಾರತೀಯ ಸಾಕ್ಷ್ಯ ಅಧಿನಿಯಮದ 169ನೇ ಕಲಂ, ಅಂದರೆ 1872ರ ಹಳೆಯ ಕಾಯಿದೆಯ 167ನೇ ಕಲಂ, ಸ್ಪಷ್ಟವಾಗಿದೆ: ಸಾಕ್ಷ್ಯವನ್ನು ತಪ್ಪಾಗಿ ಒಪ್ಪಿಕೊಂಡ ಮಾತ್ರಕ್ಕೆ ತೀರ್ಪು ರದ್ದಾಗುವುದಿಲ್ಲ, ಆಕ್ಷೇಪಿತ ಸಾಕ್ಷ್ಯವನ್ನು ಬಿಟ್ಟು ಉಳಿದದ್ದು ತೀರ್ಪಿಗೆ ಸಾಕಾಗಿದ್ದರೆ ತೀರ್ಪು ಉಳಿಯುತ್ತದೆ. ಹಾಗಾಗಿ ಈ ಬರಹದ ಉದ್ದಕ್ಕೂ ನಾನು ಒಂದೇ ಅಭ್ಯಾಸವನ್ನು ಕಲಿಸಲು ಹೊರಟಿದ್ದೇನೆ. ಅದನ್ನು ‘ಅಳಿಸಿ ಓದುವುದು’ ಅಂತ ಕರೆಯೋಣ. ಶಿಕ್ಷೆಯಾದವರ ಮನೆಯವರಿಗೂ, ಮೊದಲ ಸಲ ಕ್ರಿಮಿನಲ್ ಅಪೀಲು ಬರೆಯಲು ಕೂತ ಕಿರಿಯ ವಕೀಲರಿಗೂ ಇದು ಉಪಯೋಗಕ್ಕೆ ಬರಬೇಕು.

ಹಳೆಯ ಕಾನೂನೋ, ಹೊಸತೋ

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ (ಬಿಎನ್‌ಎಸ್‌ಎಸ್), ಹಳೆಯ ಸಾಕ್ಷ್ಯ ಕಾಯಿದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮವೂ ಬಂದಿವೆ. ಅದಕ್ಕೂ ಮುಂಚೆ ಬಾಕಿಯಿದ್ದ ತನಿಖೆ, ವಿಚಾರಣೆ ಮತ್ತು ಮೇಲ್ಮನವಿಗಳು ಹಳೆಯ ಸಂಹಿತೆಯ ಪ್ರಕಾರವೇ ಮುಂದುವರಿಯುತ್ತವೆ ಎಂದು ಹೊಸ ಸಂಹಿತೆಯ 531ನೇ ಕಲಂ ಹೇಳುತ್ತದೆ. ಈಗ ಮೇಲ್ಮನವಿಗೆ ಬರುವ ಅನೇಕ ಪ್ರಕರಣಗಳಲ್ಲಿ ಸಾಕ್ಷ್ಯ ದಾಖಲಾದದ್ದು ಹಳೆಯ ಕಾಯಿದೆಯಡಿ. ಕಲಂ ಸಂಖ್ಯೆ ನಮೂದಿಸುವಾಗ ಎರಡನ್ನೂ ಬರೆಯುವುದು ಕ್ಷೇಮ: ‘ಬಿಎನ್‌ಎಸ್‌ಎಸ್ ಕಲಂ 415, ಸಿಆರ್‌ಪಿಸಿ ಕಲಂ 374’ ಎಂಬಂತೆ. ಈ ಬರಹದಲ್ಲಿ ಮೊದಲು ಬರುವುದು ಹೊಸ ಸಂಖ್ಯೆ.

ಮೊದಲ ವಾರ: ದಿನ ಎಣಿಸಿ, ನಕಲು ಪಡೆಯಿರಿ

ಮ್ಯಾಜಿಸ್ಟ್ರೇಟ್ ಕೊಟ್ಟ ಶಿಕ್ಷೆಯ ವಿರುದ್ಧ ಸೆಷನ್ಸ್ ಕೋರ್ಟಿಗೆ, ಸೆಷನ್ಸ್ ಕೋರ್ಟ್ ಕೊಟ್ಟ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ ಮೇಲ್ಮನವಿ. ಕರ್ನಾಟಕದಲ್ಲಾದರೆ ಜಿಲ್ಲೆಗೆ ತಕ್ಕಂತೆ ಬೆಂಗಳೂರು ಪ್ರಧಾನ ಪೀಠ, ಧಾರವಾಡ ಪೀಠ ಅಥವಾ ಕಲಬುರಗಿ ಪೀಠ. 1963ರ ಕಾಲಮಿತಿ ಕಾಯಿದೆಯ ಪ್ರಕಾರ ಹೈಕೋರ್ಟಿಗೆ 60 ದಿನ, ಬೇರೆ ನ್ಯಾಯಾಲಯಕ್ಕೆ 30 ದಿನ. ಮರಣದಂಡನೆಯಾಗಿದ್ದರೆ ಹೈಕೋರ್ಟಿಗೂ 30 ದಿನವೇ. ತೀರ್ಪಿನ ದೃಢೀಕೃತ ನಕಲು ಸಿದ್ಧವಾಗಲು ಹಿಡಿದ ಸಮಯವನ್ನು ಈ ಲೆಕ್ಕದಿಂದ ಕಳೆಯಲಾಗುತ್ತದೆ. ತಡವಾದರೆ ವಿಳಂಬ ಮನ್ನಾ ಅರ್ಜಿ ಹಾಕಬಹುದು. ಪ್ರತಿ ದಿನಕ್ಕೂ ನಂಬುವಂಥ ಕಾರಣ ಇರಲಿ.

ಸೆರೆವಾಸದ ಶಿಕ್ಷೆಯಾದವರಿಗೆ ತೀರ್ಪಿನ ನಕಲನ್ನು ಅಂದೇ ಉಚಿತವಾಗಿ ಕೊಡಬೇಕು. ಇದು ಬಿಎನ್‌ಎಸ್‌ಎಸ್ 404ನೇ ಕಲಮಿನ ಹಕ್ಕು. ಜೈಲಿನಲ್ಲಿರುವವರು ಜೈಲು ಅಧಿಕಾರಿಯ ಮೂಲಕವೇ ಮೇಲ್ಮನವಿ ಕಳಿಸಬಹುದು. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ಕೈಚೆಲ್ಲಿ ಕೂರಬೇಡಿ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಹೇಳುತ್ತದೆ. ಸಹಾಯವಾಣಿ 15100.

ಮೇಲ್ಮನವಿಯ ಜೊತೆಗೇ ಶಿಕ್ಷೆ ಅಮಾನತು ಮತ್ತು ಜಾಮೀನಿನ ಅರ್ಜಿ ಹೋಗಬೇಕು. ಬಿಎನ್‌ಎಸ್‌ಎಸ್ ಕಲಂ 430, ಹಳೆಯದು 389. ಶಿಕ್ಷೆ ಹತ್ತು ವರ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸರ್ಕಾರಿ ಅಭಿಯೋಜಕರಿಗೆ ಲಿಖಿತ ಆಕ್ಷೇಪಣೆಯ ಅವಕಾಶ ಕೊಟ್ಟೇ ಆದೇಶವಾಗುತ್ತದೆ. ಈ ಅರ್ಜಿಯಲ್ಲಿ ಕುಟುಂಬದ ಕಷ್ಟವನ್ನಷ್ಟೇ ಬರೆದು ನಿಲ್ಲಿಸಬೇಡಿ. ಶಿಕ್ಷೆ ನಿಂತಿರುವ ಮುಖ್ಯ ಸಾಕ್ಷ್ಯವೇ ಕಾನೂನಿನಲ್ಲಿ ನಿಲ್ಲುವುದಿಲ್ಲ ಎಂದು ಒಂದು ಪುಟದಲ್ಲಿ ತೋರಿಸಿ.

ಕಡತ ಪೂರ್ತಿ ಕೈಗೆ ಬರಲಿ

ತೀರ್ಪೊಂದನ್ನೇ ಓದಿ ಬರೆದ ಮೇಲ್ಮನವಿಯಲ್ಲಿ ಬಲವಿರುವುದಿಲ್ಲ. ತೀರ್ಪಿನಲ್ಲಿ ಇರುವುದು ನ್ಯಾಯಾಧೀಶರಿಗೆ ಕಂಡದ್ದು. ನಿಮಗೆ ಬೇಕಾದದ್ದು ಅವರಿಗೆ ಕಾಣದೆ ಉಳಿದದ್ದು. ಎಲ್ಲ ಸಾಕ್ಷಿಗಳ ಮುಖ್ಯ ವಿಚಾರಣೆ ಮತ್ತು ಪಾಟೀ ಸವಾಲು (ಎದುರು ಪಕ್ಷದ ವಕೀಲರ ಪ್ರಶ್ನೆಗಳು), ಗುರುತು ಮಾಡಿದ ಎಲ್ಲ ನಿಶಾನೆಗಳು (ಸಂಖ್ಯೆ ಕೊಟ್ಟು ಸಾಕ್ಷ್ಯವಾಗಿ ಸೇರಿಸಿದ ದಾಖಲೆಗಳು), ಮುದ್ದೆಮಾಲುಗಳ (ವಶಪಡಿಸಿಕೊಂಡ ವಸ್ತುಗಳ) ಪಟ್ಟಿ, ಆರೋಪಿಯ ಹೇಳಿಕೆ, ಲಿಖಿತ ವಾದವಿದ್ದರೆ ಅದು, ಎಲ್ಲಕ್ಕಿಂತ ಮುಖ್ಯವಾಗಿ ಪ್ರತಿ ದಿನದ ಕಲಾಪ ದಾಖಲಾಗುವ ಆರ್ಡರ್ ಶೀಟ್, ಇಷ್ಟರ ನಕಲು ತೆಗೆಸಿ. ಆರ್ಡರ್ ಶೀಟನ್ನು ಯಾರೂ ಓದುವುದಿಲ್ಲ. ಆದರೆ ‘ಆರೋಪಿ ಪರ ವಕೀಲರ ಆಕ್ಷೇಪಣೆಗೆ ಒಳಪಟ್ಟು ಗುರುತಿಸಲಾಗಿದೆ’ ಎಂಬ ಒಂದು ಸಾಲು ಸಿಕ್ಕರೆ ಅದು ಅಲ್ಲೇ ಅಥವಾ ಸಾಕ್ಷಿಯ ಹೇಳಿಕೆಯ ಅಂಚಿನಲ್ಲೇ ಸಿಗಬೇಕು. ಆ ಒಂದು ಸಾಲಿನ ಬೆಲೆ ಮುಂದೆ ತಿಳಿಯುತ್ತದೆ.

ಈಗ ಒಂದು ದೊಡ್ಡ ಹಾಳೆ ತೆಗೆದುಕೊಂಡು ಪ್ರತಿ ನಿಶಾನೆಗೂ ಒಂದು ಸಾಲು ಮಾಡಿ. ಏನು ದಾಖಲೆ, ಯಾರ ಮೂಲಕ ಗುರುತಾಯಿತು, ಆಕ್ಷೇಪಣೆ ಇತ್ತೇ, ತೀರ್ಪಿನ ಯಾವ ಪ್ಯಾರಾದಲ್ಲಿ ಬಳಕೆಯಾಗಿದೆ. ಕೊನೆಯ ಅಂಕಣ ಖಾಲಿ ಉಳಿದ ದಾಖಲೆಗಳನ್ನು ಮರೆತುಬಿಡಿ. ಜಡ್ಜ್ ಬಳಸದ ಸಾಕ್ಷ್ಯ ಎಷ್ಟೇ ಅಕ್ರಮವಾಗಿ ಸೇರಿದ್ದರೂ ಅದರ ಮೇಲೆ ಪುಟ ಖರ್ಚು ಮಾಡಬಾರದು.

ಇಟ್ಟುಕೊಳ್ಳೋಣ ಒಂದು ಪ್ರಕರಣ

ವಿಷಯ ತಿಳಿಯಲೆಂದು ಒಂದು ಪ್ರಕರಣ ಕಟ್ಟಿಕೊಳ್ಳುತ್ತೇನೆ. ಕೊಲೆ ಆರೋಪ. ಕಣ್ಣಾರೆ ಕಂಡವರಿಲ್ಲ. ಹಿಂದಿನ ರಾತ್ರಿ ಇಬ್ಬರನ್ನೂ ಒಟ್ಟಿಗೆ ನೋಡಿದೆ ಎನ್ನುವ ಒಬ್ಬ ಸಾಕ್ಷಿ, ಪಿಡಬ್ಲ್ಯೂ-5, ಅಂದರೆ ಪ್ರಾಸಿಕ್ಯೂಷನ್ (ಸರ್ಕಾರದ) ಕಡೆಯ ಐದನೇ ಸಾಕ್ಷಿ. ಆರೋಪಿ ಪೊಲೀಸರ ಮುಂದೆ ಕೊಟ್ಟ ಸ್ವ-ಇಚ್ಛಾ ಹೇಳಿಕೆ ನಿಪಿ-14 (‘ನಿಪಿ’ ಎಂದರೆ ಪ್ರಾಸಿಕ್ಯೂಷನ್ ಕಡೆಯ ನಿಶಾನೆ). ಅದರ ಮೇಲೆ ಮಚ್ಚು ವಶಪಡಿಸಿಕೊಂಡ ಮಹಜರು ನಿಪಿ-15, ಅದಕ್ಕೆ ಸಾಕ್ಷಿಗಳಾಗಿ ಸಹಿ ಹಾಕಿದ ಪಂಚರಿಬ್ಬರೂ ಪ್ರತಿಕೂಲ, ಅಂದರೆ ಕೋರ್ಟಿನಲ್ಲಿ ಪ್ರಾಸಿಕ್ಯೂಷನ್ನಿಗೆ ವಿರುದ್ಧ ನುಡಿದವರು. ಮಚ್ಚಿನ ಮೇಲೆ ಮನುಷ್ಯ ರಕ್ತ, ಬಿ ಗುಂಪು ಎನ್ನುವ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ನಿಪಿ-22. ಮೊಬೈಲ್ ಕರೆ ವಿವರ ನಿಪಿ-27. ‘ಇಂಥ ಆಯುಧದಿಂದ ಇಂಥ ಗಾಯ ಆಗಬಹುದು’ ಎಂದ ವೈದ್ಯರು, ಪಿಡಬ್ಲ್ಯೂ-12. ಶಿಕ್ಷೆ ಜೀವಾವಧಿ.

ತಪ್ಪು ಯಾವ ಜಾತಿಯದು

ಇದು ಇಡೀ ಕೆಲಸದ ತಿರುಳು, ಇಲ್ಲಿ ಅವಸರ ಮಾಡಬೇಡಿ. ‘ಸಾಕ್ಷ್ಯ ಸರಿಯಿಲ್ಲ’ ಎನ್ನುವ ದೂರಿನೊಳಗೆ ನಾಲ್ಕು ಬೇರೆ ಬೇರೆ ದೂರುಗಳಿರುತ್ತವೆ, ನಾಲ್ಕಕ್ಕೂ ಕಾನೂನು ಬೇರೆ.

ಮೊದಲನೆಯದು, ಕಾನೂನು ಬಾಗಿಲಲ್ಲೇ ತಡೆಯುವ ಸಾಕ್ಷ್ಯ. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆ ಇದಕ್ಕೆ ಒಳ್ಳೆಯ ಉದಾಹರಣೆ; ಸಾಕ್ಷ್ಯ ಅಧಿನಿಯಮದ 23ನೇ ಕಲಂ, ಹಳೆಯವು 25, 26, 27. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಬರುವಂತಿಲ್ಲ. ಆ ಮಾಹಿತಿಯಿಂದ ಏನಾದರೂ ಪತ್ತೆಯಾದರೆ, ಪತ್ತೆಗೆ ನೇರ ಸಂಬಂಧಪಟ್ಟಷ್ಟು ಮಾತು ಮಾತ್ರ ಬರಬಹುದು. 1947ರಲ್ಲಿ ವರದಿಯಾದ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ ಕೊಟ್ಟ ವಿವರಣೆಯೇ ಇಂದಿಗೂ ಅಳತೆಗೋಲು. ‘ನನ್ನ ಮನೆಯ ಸೂರಿನಲ್ಲಿ ಅಡಗಿಸಿಟ್ಟ ಚಾಕುವನ್ನು ತೆಗೆದುಕೊಡುತ್ತೇನೆ’ ಎನ್ನುವುದು ಬರಬಹುದು. ಅದಕ್ಕೆ ‘ಅದರಿಂದಲೇ ಇರಿದೆ’ ಎಂದು ಸೇರಿಸಿದರೆ ಆ ಬಾಲ ಬರುವಂತಿಲ್ಲ. ನಮ್ಮ ವಿಚಾರಣಾ ಕಡತಗಳಲ್ಲಿ ಆಗುವುದೇನು? ಮೂರು ಪುಟದ ಸ್ವ-ಇಚ್ಛಾ ಹೇಳಿಕೆ ಇಡಿಯಾಗಿ ನಿಪಿ-14 ಆಗಿಬಿಡುತ್ತದೆ. ದ್ವೇಷದ ಕಾರಣ, ಹೊಂಚು ಹಾಕಿದ್ದು, ಹೊಡೆದದ್ದು ಎಲ್ಲವೂ ಅದರೊಳಗಿರುತ್ತವೆ. ತೀರ್ಪಿನ ‘ಉದ್ದೇಶ’ದ ಪ್ಯಾರಾವನ್ನು ಓದಿ ನೋಡಿ. ಅಲ್ಲಿರುವ ಕಥೆ ಬೇರೆ ಯಾವ ಸಾಕ್ಷಿಯ ಬಾಯಲ್ಲೂ ಬಂದಿಲ್ಲದಿದ್ದರೆ ಅದು ಬಂದದ್ದು ನಿಪಿ-14ರಿಂದಲೇ. ಆರೋಪಿಯೇ ಠಾಣೆಗೆ ಹೋಗಿ ಕೊಟ್ಟ ದೂರಿನಲ್ಲಿ ತಪ್ಪೊಪ್ಪಿಗೆ ಇದ್ದರೂ ಅಷ್ಟೇ, ತಪ್ಪೊಪ್ಪಿಗೆಯ ಭಾಗವೇನೂ ಬರುವಂತಿಲ್ಲ ಎಂದು 1966ರ ಅಘ್ನೂ ನಾಗೇಸಿಯಾ ಪ್ರಕರಣ ಹೇಳಿದೆ.

ಇದೇ ಗುಂಪಿಗೆ ಸೇರುವ ಇನ್ನೊಂದು ತಪ್ಪು ನನಗೆ ಅತಿ ಹೆಚ್ಚು ಬೇಸರ ತರಿಸುವಂಥದ್ದು. ಸಾಕ್ಷಿ ಪ್ರತಿಕೂಲವಾಗುತ್ತಾನೆ. ಅವನು ತನಿಖೆಯ ವೇಳೆ ಪೊಲೀಸರಿಗೆ ಕೊಟ್ಟ ಹೇಳಿಕೆಯನ್ನು ತನಿಖಾಧಿಕಾರಿಯ ಮೂಲಕ ಗುರುತಿಸುತ್ತಾರೆ. ಆ ಹೇಳಿಕೆಯ ಉಪಯೋಗ ಸಾಕ್ಷಿಯ ಮಾತಿನಲ್ಲಿರುವ ವಿರೋಧಾಭಾಸ ತೋರಿಸುವುದಕ್ಕಷ್ಟೇ. ಅದೇ ನಿಜವೆಂದು ನಂಬುವುದಕ್ಕಲ್ಲ. ಆದರೂ ‘ಪಿಡಬ್ಲ್ಯೂ-9 ಪ್ರತಿಕೂಲನಾಗಿದ್ದರೂ ಅವನ ಹೇಳಿಕೆಯನ್ನು ತನಿಖಾಧಿಕಾರಿ ರುಜುವಾತು ಮಾಡಿದ್ದಾರೆ’ ಎಂಬ ವಾಕ್ಯ ತೀರ್ಪುಗಳಲ್ಲಿ ನುಸುಳುತ್ತದೆ. ಕಂಡರೆ ಅದರ ಕೆಳಗೆ ಕೆಂಪು ಗೆರೆ ಎಳೆಯಿರಿ. ಆರೋಪಿಯ ಹಳೆಯ ಕೇಸುಗಳನ್ನು ಎತ್ತಿ ‘ಇವನ ನಡತೆಯೇ ಹೀಗೆ’ ಎಂದು ಬರೆದಿದ್ದರೂ ಹಾಗೆಯೇ. ಸಾಕ್ಷ್ಯ ಅಧಿನಿಯಮದ 49ನೇ ಕಲಂ ಅದನ್ನು ತಡೆಯುತ್ತದೆ. ಒಪ್ಪಿಗೆಯಿಲ್ಲದೆ ನಡೆಸಿದ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳ ಫಲಿತಾಂಶವನ್ನು 2010ರ ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಸಂವಿಧಾನದ 20(3)ನೇ ವಿಧಿಯ ಬಲದಿಂದಲೇ ಹೊರಗಿಟ್ಟಿದೆ.

ಎರಡನೆಯದು, ಬರಬಹುದಾದ ಸಾಕ್ಷ್ಯ, ಆದರೆ ಬಂದ ದಾರಿ ತಪ್ಪು. ಮೂಲದ ಬದಲು ಜೆರಾಕ್ಸ್, ಬರೆದವರ ಬದಲು ಇನ್ನೊಬ್ಬರ ಮೂಲಕ ಗುರುತು, ಪ್ರಮಾಣಪತ್ರವಿಲ್ಲದ ಕರೆ ವಿವರ. ಇವು ರುಜುವಾತಿನ ವಿಧಾನಕ್ಕೆ ಸೇರಿದ ದೋಷಗಳು. ವಿಚಾರಣೆಯಲ್ಲೇ ಆಕ್ಷೇಪಿಸದಿದ್ದರೆ ಮೇಲ್ಮನವಿಯಲ್ಲಿ ಹೊಸದಾಗಿ ಎತ್ತುವುದು ಕಷ್ಟ. ಆಗಲೇ ಹೇಳಿದ್ದರೆ ಎದುರು ಪಕ್ಷ ಸರಿಪಡಿಸಿಕೊಳ್ಳುತ್ತಿತ್ತು ಎಂಬುದು ನ್ಯಾಯಾಲಯದ ತರ್ಕ. 2017ರ ಸೋನು ವಿರುದ್ಧ ಹರಿಯಾಣ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕರೆ ವಿವರಗಳ ಬಗ್ಗೆ ಇದನ್ನೇ ಹೇಳಿತು. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಕಡ್ಡಾಯ ಎಂದು 2014ರ ಅನ್ವರ್ ಪ್ರಕರಣ ಹೇಳಿತ್ತು, 2020ರ ಅರ್ಜುನ್ ಪಂಡಿತ್‌ರಾವ್ ಪ್ರಕರಣ ಅದನ್ನು ದೃಢಪಡಿಸಿದೆ. ಹೊಸ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ. ಎರಡನೆಯದಕ್ಕೆ ತಜ್ಞರ ಸಹಿ ಬೇಕು, ದಾಖಲೆಯನ್ನು ತಿದ್ದಿಲ್ಲವೆಂದು ಪರೀಕ್ಷಿಸಲು ನೆರವಾಗುವ ಹ್ಯಾಶ್ ಮೌಲ್ಯ ಎಂಬ ಗುರುತು ಸಂಖ್ಯೆ ನಮೂದಾಗಬೇಕು.

ಆ ಅಂಚಿನ ಟಿಪ್ಪಣಿಯ ಬೆಲೆ ಇಲ್ಲಿದೆ. ‘ಆಕ್ಷೇಪಣೆಗೆ ಒಳಪಟ್ಟು’ ಎಂದು ಬರೆದಿದ್ದು, ತೀರ್ಪಿನಲ್ಲಿ ಆ ಆಕ್ಷೇಪಣೆಯ ಬಗ್ಗೆ ಒಂದಕ್ಷರವೂ ಇಲ್ಲದಿದ್ದರೆ ನಿಮಗೆ ಗಟ್ಟಿಯಾದ ಕಾರಣ ಸಿಕ್ಕಿತು. 2001ರ ಬಿಪಿನ್ ಶಾಂತಿಲಾಲ್ ಪಾಂಚಾಲ್ ಪ್ರಕರಣ ಆಕ್ಷೇಪಣೆಯನ್ನು ದಾಖಲಿಸಿಕೊಂಡು ಕೊನೆಗೆ ತೀರ್ಮಾನಿಸಿ ಎಂದಿತ್ತು. ಸಾಕ್ಷಿಗೆ ಕೇಳಿದ ಪ್ರಶ್ನೆಗಳ ಮೇಲಿನ ಆಕ್ಷೇಪಣೆಯನ್ನು ಆಗಲೇ, ಆಗದಿದ್ದರೆ ಆ ಸಾಕ್ಷಿಯ ವಿಚಾರಣೆ ಮುಗಿಯುವಾಗ ತೀರ್ಮಾನಿಸಬೇಕೆಂದು 2021ರಲ್ಲಿ ಸುಪ್ರೀಂ ಕೋರ್ಟ್ ಬದಲಿಸಿತು. ಯಾವ ದಾರಿಯಲ್ಲೇ ಆಗಲಿ, ಆಕ್ಷೇಪಣೆಗೆ ಉತ್ತರ ಕೊಡದೆ ಬಿಡುವಂತಿಲ್ಲ.

ಆಕ್ಷೇಪಣೆ ಇರಲೇ ಇಲ್ಲವೇ? ಮೊದಲ ಗುಂಪಿನ ಸಾಕ್ಷ್ಯಕ್ಕೆ ಅದು ಅಡ್ಡಿಯಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಗೆ ವಕೀಲರು ಸುಮ್ಮನಿದ್ದ ಮಾತ್ರಕ್ಕೆ ಕಾನೂನಿನ ನಿಷೇಧ ಕರಗುವುದಿಲ್ಲ.

ಮೂರನೆಯದು, ಅಕ್ರಮವಾಗಿ ವಶಪಡಿಸಿಕೊಂಡದ್ದು. ಇಲ್ಲಿ ಬಹಳ ಜನ ದಾರಿ ತಪ್ಪುತ್ತಾರೆ. ಶೋಧನೆ ನಿಯಮಬಾಹಿರವಾಗಿತ್ತು ಎಂದ ಮಾತ್ರಕ್ಕೆ ಸಿಕ್ಕಿದ ವಸ್ತು ಸಾಕ್ಷ್ಯವಾಗದೆ ಹೋಗುವುದಿಲ್ಲ. 1974ರ ಪೂರಣ್‌ಮಲ್ ತೀರ್ಪಿನಿಂದ ಇದು ನೆಲೆನಿಂತ ಕಾನೂನು. ಮಾದಕ ವಸ್ತು ಕಾಯಿದೆಯ 50ನೇ ಕಲಮಿನಡಿ ಮೈ ಶೋಧನೆಯಂಥ ಕಡೆಗಳಲ್ಲಿ ಮಾತ್ರ ನಿಯಮ ಬಿಗಿಯಾಗಿದೆ. 1999ರ ಬಲದೇವ್ ಸಿಂಗ್ ಪ್ರಕರಣ ನೋಡಿ. ಉಳಿದೆಡೆ ಈ ವಾದವನ್ನು ಸಾಕ್ಷ್ಯದ ನಂಬಲರ್ಹತೆಗೆ ತಿರುಗಿಸಿ.

ನಾಲ್ಕನೆಯದು, ಸಾಕ್ಷ್ಯ ಸರಿಯಾಗಿಯೇ ಬಂದಿದೆ, ಜಡ್ಜ್ ಅದಕ್ಕೆ ಹೆಚ್ಚು ತೂಕ ಕೊಟ್ಟಿದ್ದಾರೆ. ತಜ್ಞರ ವಿಷಯದಲ್ಲಿ ಬಹುಪಾಲು ಜಗಳ ಇದೇ.

ತಜ್ಞರ ಅಭಿಪ್ರಾಯವನ್ನು ಪರೀಕ್ಷಿಸುವ ಬಗೆ

ತಜ್ಞರು ಅಭಿಪ್ರಾಯ ಹೇಳಬಹುದು ಎನ್ನುವುದು ಸಾಕ್ಷ್ಯ ಅಧಿನಿಯಮದ 39ನೇ ಕಲಂ, ಹಳೆಯದು 45. ಅದರಡಿ ಬಂದವರ ಮಾತು ಸಲಹೆ, ತೀರ್ಮಾನ ನ್ಯಾಯಾಧೀಶರದು. 1999ರ ಹಿಮಾಚಲ ಪ್ರದೇಶ ರಾಜ್ಯ ವಿರುದ್ಧ ಜೈಲಾಲ್ ಪ್ರಕರಣ ಹೇಳುವಂತೆ, ತಜ್ಞರ ನಿರ್ಣಯ ಸರಿಯೇ ಎಂದು ನ್ಯಾಯಾಧೀಶರು ಸ್ವತಃ ಪರೀಕ್ಷಿಸಿಕೊಳ್ಳಲು ಬೇಕಾದ ವೈಜ್ಞಾನಿಕ ಮಾನದಂಡವನ್ನು ಒದಗಿಸುವುದು ತಜ್ಞರ ಕರ್ತವ್ಯ. ಇದನ್ನು ಮನಸ್ಸಿನಲ್ಲಿಟ್ಟು ನಿಪಿ-22ನ್ನು ಕೈಗೆತ್ತಿಕೊಳ್ಳಿ.

ಆ ವರದಿ ಒಳಗೆ ಬಂದದ್ದು ಹೇಗೆ? ಬಿಎನ್‌ಎಸ್‌ಎಸ್ 329ನೇ ಕಲಂ, ಹಳೆಯ 293, ಕೆಲವು ಸರ್ಕಾರಿ ವಿಜ್ಞಾನಿಗಳ ವರದಿಯನ್ನು ಅವರನ್ನು ಕರೆಸದೆಯೇ ಓದಿಕೊಳ್ಳಲು ಬಿಡುತ್ತದೆ: ರಾಸಾಯನಿಕ ಪರೀಕ್ಷಕರು, ಬೆರಳಚ್ಚು ವಿಭಾಗದ ನಿರ್ದೇಶಕರು, ವಿಧಿವಿಜ್ಞಾನ ಪ್ರಯೋಗಾಲಯದ ನಿರ್ದೇಶಕರು, ಉಪ ನಿರ್ದೇಶಕರು, ಸಹಾಯಕ ನಿರ್ದೇಶಕರು, ಸರ್ಕಾರಿ ಸೀರಂ ತಜ್ಞರು, ಅಧಿಸೂಚನೆಯಲ್ಲಿ ಹೆಸರಿಸಿದವರು. ವರದಿಯ ಕೊನೆಯ ಪುಟದಲ್ಲಿ ಸಹಿಯ ಕೆಳಗಿರುವ ಹುದ್ದೆಯನ್ನು ಓದಿ. ಆ ಹುದ್ದೆ ಪಟ್ಟಿಯಲ್ಲೂ ಅಧಿಸೂಚನೆಯಲ್ಲೂ ಇಲ್ಲದಿದ್ದರೆ ಬರೆದವರನ್ನು ಕಟಕಟೆಗೆ ಕರೆಸಲೇಬೇಕಿತ್ತು. ಮರಣೋತ್ತರ ಪರೀಕ್ಷಾ ವರದಿ ಈ ಕಲಮಿನೊಳಗೆ ಬರುವುದಿಲ್ಲ. ಆರೋಪಿ ಕಡೆಯವರು ದಾಖಲೆಯ ನೈಜತೆಯನ್ನು ಒಪ್ಪಿಕೊಂಡಿರದಿದ್ದರೆ ವೈದ್ಯರು ಬಂದು ಹೇಳಬೇಕು.

ಮುಂದಿನದು ನನ್ನ ಅನುಭವದಲ್ಲಿ ಅತಿ ಹೆಚ್ಚು ಫಲ ಕೊಡುವ ಜಾಗ: ಪ್ರಯೋಗಾಲಯ ಪರೀಕ್ಷಿಸಿದ್ದು ಘಟನಾ ಸ್ಥಳದಿಂದ ಹೊರಟ ವಸ್ತುವನ್ನೇ ಏನು? ಮೂರು ಕಾಗದಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಒಂದು ಮಹಜರು, ಒಂದು ಪ್ರಯೋಗಾಲಯಕ್ಕೆ ಬರೆದ ಪತ್ರ, ಒಂದು ವರದಿ. ನಮ್ಮ ಉದಾಹರಣೆಯಲ್ಲಿ ಮಹಜರು ಹೇಳುತ್ತದೆ, ‘ಮಚ್ಚನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಹೊಲಿದು ಅರಗಿನ ಮುದ್ರೆ ಹಾಕಲಾಯಿತು’. ವರದಿಯ ಮೊದಲ ಪುಟ ಹೇಳುತ್ತದೆ, ‘ಕಂದು ಕಾಗದದಲ್ಲಿ ಸುತ್ತಿದ ಒಂದು ಮಚ್ಚು’. ಮಹಜರಿನ ದಿನಕ್ಕೂ ವಸ್ತು ತಲುಪಿದ ದಿನಕ್ಕೂ ನಡುವೆ 41 ದಿನ. ಠಾಣೆಯ ಮುದ್ದೆಮಾಲು ರಿಜಿಸ್ಟರ್ ಹಾಜರಾಗಿಲ್ಲ, ಒಯ್ದ ಪೇದೆಯ ಸಾಕ್ಷ್ಯವಿಲ್ಲ, ಮಾದರಿ ಮುದ್ರೆಯೊಂದಿಗೆ ಹೋಲಿಸಿದ ಮಾತಿಲ್ಲ. ಬಟ್ಟೆ ಕಾಗದವಾದದ್ದು ಎಲ್ಲಿ? ಈ ಪ್ರಶ್ನೆಗೆ ಕಡತದಲ್ಲಿ ಉತ್ತರವಿಲ್ಲದಿದ್ದರೆ ವರದಿ ಎಷ್ಟು ನಿಖರವಾಗಿದ್ದರೂ ಅದು ಯಾವ ಮಚ್ಚಿನ ಬಗ್ಗೆ ಎಂಬುದೇ ಅನುಮಾನ.

ಡಿಎನ್‌ಎ ಬಂದ ಕೂಡಲೇ ಕೈಚೆಲ್ಲುವ ವಕೀಲರಿದ್ದಾರೆ; ಹಾಗೆ ಮಾಡಬಾರದು. ದೆಹಲಿಯ ಛಾವ್ಲಾ ಪ್ರಕರಣದಲ್ಲಿ ಮರಣದಂಡನೆಗೊಳಗಾಗಿದ್ದ ಮೂವರನ್ನು 2022ರಲ್ಲಿ ಬಿಡುಗಡೆ ಮಾಡುವಾಗ ಸುಪ್ರೀಂ ಕೋರ್ಟ್ ಎತ್ತಿದ ಪ್ರಶ್ನೆಗಳಲ್ಲಿ ಮಾದರಿಗಳು ಠಾಣೆಯ ಮಾಲಖಾನೆಯಲ್ಲೇ ಉಳಿದಿದ್ದದ್ದು ಒಂದು, ಡಿಎನ್‌ಎ ವರದಿಯ ತೀರ್ಮಾನಕ್ಕೆ ಆಧಾರವೇನು, ತಂತ್ರವನ್ನು ಸರಿಯಾಗಿ ಅನ್ವಯಿಸಲಾಗಿದೆಯೇ ಎಂದು ಕೆಳಗಿನ ನ್ಯಾಯಾಲಯಗಳು ನೋಡಿಯೇ ಇಲ್ಲ ಎನ್ನುವುದು ಇನ್ನೊಂದು. 2025ರ ಜುಲೈನ ಕಟ್ಟವೆಳ್ಳೈ ವಿರುದ್ಧ ತಮಿಳುನಾಡು ರಾಜ್ಯ ತೀರ್ಪು ಮುಂದಕ್ಕೆ ಹೋಗಿ, ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ರಿಜಿಸ್ಟರನ್ನು ಇಟ್ಟು ವಿಚಾರಣಾ ಕಡತಕ್ಕೆ ಸೇರಿಸಬೇಕೆಂದು ನಿರ್ದೇಶಿಸಿದೆ.

ವರದಿ ನಿಜವೇ ಇರಲಿ, ಅದು ಹೇಳುವುದೆಷ್ಟು? ‘ಬಿ ಗುಂಪಿನ ಮನುಷ್ಯ ರಕ್ತ’ ಎಂದರೆ ಮೃತನ ರಕ್ತ ಎಂದಲ್ಲ. ಆ ಗುಂಪಿನವರು ಲಕ್ಷಾಂತರ. ಮೃತನ ಗುಂಪನ್ನು ರುಜುವಾತು ಮಾಡಿದ್ದಾರೆಯೇ? ಆರೋಪಿಯ ಗುಂಪು ಯಾವುದೆಂದು ಯಾರಾದರೂ ನೋಡಿದ್ದಾರೆಯೇ? ಆರೋಪಿಯದೂ ಬಿ ಗುಂಪೇ ಆಗಿದ್ದರೆ ಅವನ ಅಂಗಿಯ ಮೇಲೆ ಆ ಗುಂಪಿನ ಕಲೆ ಸಿಕ್ಕಿದ್ದರೂ ಅದು ಏನನ್ನೂ ಹೇಳುವುದಿಲ್ಲ. ವೈದ್ಯರ ‘ಆಗಬಹುದು’ ಎಂಬ ಪದವನ್ನೂ ಹೀಗೇ ಹಿಡಿದುಕೊಳ್ಳಿ. ತೀರ್ಪಿಗೆ ಬರುವಷ್ಟರಲ್ಲಿ ‘ಆಗಬಹುದು’ ಎಂಬುದು ‘ಆಗಿದೆ’ ಎಂದು ಬದಲಾಗಿರುವುದು ಅಪರೂಪವಲ್ಲ. ಮಚ್ಚನ್ನು ಕಟಕಟೆಯಲ್ಲಿ ವೈದ್ಯರಿಗೆ ತೋರಿಸಿ ಕೇಳಿದ್ದರೇ ಎಂದೂ ನೋಡಿ. ಆಯುಧ ಲಭ್ಯವಿದ್ದರೆ ತೋರಿಸಬೇಕಾದ್ದು ಪ್ರಾಸಿಕ್ಯೂಷನ್ನಿನ ಕರ್ತವ್ಯ, ನೋಡಿಕೊಳ್ಳಬೇಕಾದ್ದು ನ್ಯಾಯಾಲಯದ ಕರ್ತವ್ಯ ಎಂದು 1976ರ ಈಶ್ವರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ.

ಕೈಬರಹ ತಜ್ಞರ ಬಗ್ಗೆ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿ. ತಜ್ಞರ ಮಾತೊಂದರ ಮೇಲೇ ಶಿಕ್ಷಿಸುವುದು ಅಪಾಯ ಎನ್ನುತ್ತದೆ 1977ರ ಮಗನ್ ಬಿಹಾರಿ ಲಾಲ್. ಬೆಂಬಲ ಇರಲೇಬೇಕೆಂಬ ಕಟ್ಟುನಿಟ್ಟಿನ ನಿಯಮವಿಲ್ಲ, ಕಾರಣಗಳನ್ನು ತೂಗಿ ಎಚ್ಚರದಿಂದ ನೋಡಿ ಎನ್ನುತ್ತದೆ 1980ರ ಮುರಾರಿಲಾಲ್. ಮೊದಲನೆಯದನ್ನು ಮಾತ್ರ ಉಲ್ಲೇಖಿಸಿದರೆ ಸರ್ಕಾರಿ ವಕೀಲರು ಎರಡನೆಯದನ್ನು ಓದುತ್ತಾರೆ. ಎರಡನ್ನೂ ನೀವೇ ಹೇಳಿ, ನಿಮ್ಮ ಕೇಸಿನ ವರದಿಯಲ್ಲಿ ಕಾರಣಗಳೇ ಇಲ್ಲ ಎಂದು ತೋರಿಸಿ.

ಅಳಿಸಿ ಓದುವುದು

ತೀರ್ಪಿನ ಒಂದು ಜೆರಾಕ್ಸ್ ತೆಗೆಯಿರಿ. ಮೊದಲ ಗುಂಪಿನ ಸಾಕ್ಷ್ಯ ನಿಂತಿರುವ ಪ್ರತಿ ವಾಕ್ಯದ ಮೇಲೆ ಪೆನ್ಸಿಲ್ಲಿನಿಂದ ಗೆರೆ ಎಳೆಯಿರಿ. ಗೆರೆ ಬೀಳದೆ ಉಳಿದದ್ದನ್ನು ಪೂರ್ತಿ ಹೊಸ ತೀರ್ಪು ಎಂಬಂತೆ ಓದಿ.

ನಮ್ಮ ಪ್ರಕರಣದಲ್ಲಿ ನಿಪಿ-14ರಲ್ಲಿ ತಪ್ಪೊಪ್ಪಿಗೆಯ ಭಾಗ ಹೋದಾಗ ಉದ್ದೇಶದ ಕಥೆ ಹೋಗುತ್ತದೆ. ಪತ್ತೆಯ ಭಾಗ ಉಳಿಯುತ್ತದೆಯೇ? ಹೇಳಿಕೆ ದಾಖಲಿಸಿದ ಸಮಯ ಬೆಳಿಗ್ಗೆ 11.30, ಒಂಬತ್ತು ಕಿಲೋಮೀಟರ್ ಆಚೆ ಮಹಜರು ಶುರುವಾದ ಸಮಯ 11.15. ತನಿಖಾಧಿಕಾರಿ ಕಟಕಟೆಯಲ್ಲಿ ಆರೋಪಿ ಆಡಿದ ಮಾತನ್ನು ಅವನ ಶಬ್ದಗಳಲ್ಲೇ ಹೇಳದೆ ‘ಅವನು ತೋರಿಸಿದ, ನಾವು ವಶಪಡಿಸಿಕೊಂಡೆವು’ ಎಂದಷ್ಟೇ ಹೇಳಿದ್ದಾರೆ. 2022ರ ಸುಬ್ರಮಣ್ಯ ವಿರುದ್ಧ ಕರ್ನಾಟಕ ರಾಜ್ಯ ತೀರ್ಪು ಇಂಥ ರುಜುವಾತು ಸಾಲದು ಎನ್ನುತ್ತದೆ. ಪಂಚರು ಪ್ರತಿಕೂಲ. ಹಾಗಾಗಿ ಮಚ್ಚು ಹೋಯಿತು. ಮಚ್ಚು ಹೋದರೆ ನಿಪಿ-22ಕ್ಕೆ ಕಾಲೂರಲು ನೆಲವಿಲ್ಲ, ವೈದ್ಯರ ‘ಆಗಬಹುದು’ ಯಾವ ಆಯುಧದ ಬಗ್ಗೆ ಎಂಬುದೂ ತೇಲಿಹೋಗುತ್ತದೆ. ಉಳಿದದ್ದು ರಾತ್ರಿ ಒಟ್ಟಿಗೆ ಕಂಡರು ಎನ್ನುವ ಪಿಡಬ್ಲ್ಯೂ-5, ಮತ್ತು ಇಬ್ಬರೂ ಒಂದೇ ಟವರಿನಡಿ ಇದ್ದರೆಂದು ಹೇಳುವ ನಿಪಿ-27. 1984ರ ಶರದ್ ಬಿರ್ಧಿಚಂದ್ ಸಾರ್ದಾ ಪ್ರಕರಣದ ಐದು ಸೂತ್ರಗಳ ಪ್ರಕಾರ ಸಾಂದರ್ಭಿಕ ಸಾಕ್ಷ್ಯದ ಸರಪಳಿ ಆರೋಪಿಯ ತಪ್ಪನ್ನಲ್ಲದೆ ಬೇರೇನನ್ನೂ ಸೂಚಿಸಬಾರದು. ಎರಡು ಕೊಂಡಿಗಳಲ್ಲಿ ಅದು ಸಾಧ್ಯವೇ ಎಂಬುದು ಈಗ ನ್ಯಾಯಾಲಯದ ಮುಂದಿಡುವ ಪ್ರಶ್ನೆ.

ಪ್ರಾಮಾಣಿಕವಾಗಿ ಓದಿ. ಪಿಡಬ್ಲ್ಯೂ-5ರ ಬದಲು ಕಣ್ಣಾರೆ ಕಂಡ, ಪಾಟೀ ಸವಾಲಿನಲ್ಲಿ ಅಲುಗದ ಇಬ್ಬರು ಸಾಕ್ಷಿಗಳಿದ್ದರೆ ಗೆರೆ ಎಳೆದ ಮೇಲೂ ತೀರ್ಪು ನಿಲ್ಲುತ್ತದೆ. ಆಗ ಸಾಕ್ಷ್ಯ ಸೇರಿದ್ದು ತಪ್ಪೆಂಬ ವಾದವನ್ನು ಮುಂದಿಟ್ಟುಕೊಂಡು ಹೋಗಬೇಡಿ. ಅಪರಾಧದ ಸ್ವರೂಪ ಅಥವಾ ಶಿಕ್ಷೆಯ ಪ್ರಮಾಣದ ಕಡೆ ಶಕ್ತಿ ಹಾಕಿ, ಮನೆಯವರಿಗೂ ಹಾಗೇ ಹೇಳಿ.

ಇನ್ನೊಂದು ಪರೀಕ್ಷೆ ಬಾಕಿಯಿದೆ. ಬಿಎನ್‌ಎಸ್‌ಎಸ್ 351ನೇ ಕಲಮಿನಡಿ, ಹಳೆಯ 313, ಆರೋಪಿಗೆ ಕೇಳಿದ ಪ್ರಶ್ನೆಗಳ ಪಟ್ಟಿಯಲ್ಲಿ ನಿಪಿ-22ರ ಫಲಿತಾಂಶವನ್ನು ಕೇಳಿದ್ದಾರೆಯೇ? ಕೇಳಿರದ ಸಂದರ್ಭವನ್ನು ಅವನ ವಿರುದ್ಧ ಬಳಸಬಾರದೆಂದು ಸಾರ್ದಾ ತೀರ್ಪೇ ಹೇಳುತ್ತದೆ. ಈ ಆಕ್ಷೇಪವನ್ನು ಮೇಲ್ಮನವಿಯ ಮೊದಲ ಕರಡಿನಲ್ಲೇ ಸೇರಿಸಿ. ಅದರಿಂದಾದ ಹಾನಿ ಏನೆಂದೂ ಬರೆಯಿರಿ. ತಡವಾಗಿ ಎತ್ತಿದಷ್ಟೂ ಅದು ಸೊರಗುತ್ತದೆ.

ಕಾರಣಗಳನ್ನು ಬರೆಯುವಾಗ

‘ಕೆಳಗಿನ ನ್ಯಾಯಾಲಯವು ಸಾಕ್ಷ್ಯವನ್ನು ಸರಿಯಾಗಿ ಪರಿಶೀಲಿಸದೆ ಕಾನೂನುಬಾಹಿರ ತೀರ್ಪು ನೀಡಿದೆ.’ ಇಂಥ ವಾಕ್ಯ ಎಲ್ಲ ಮೇಲ್ಮನವಿಗಳಲ್ಲೂ ಇರುತ್ತದೆ, ಯಾರೂ ಓದುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ:

‘ವಿಚಾರಣಾ ನ್ಯಾಯಾಲಯವು ತೀರ್ಪಿನ 31ನೇ ಪ್ಯಾರಾದಲ್ಲಿ ಉದ್ದೇಶ ರುಜುವಾತಾಗಿದೆ ಎನ್ನಲು ನಿಪಿ-14ರ ಎರಡನೇ ಪುಟವನ್ನು ಆಧರಿಸಿದೆ. ಸದರಿ ಭಾಗವು ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯಾಗಿದ್ದು ಕಲಂ 23ರ ಪ್ರಕಾರ ಅಗ್ರಾಹ್ಯ. ಅದನ್ನು ಹೊರತುಪಡಿಸಿದರೆ ಉದ್ದೇಶದ ಬಗ್ಗೆ ಬೇರಾವ ಸಾಕ್ಷಿಯೂ ನುಡಿದಿಲ್ಲ.’

ಪ್ಯಾರಾ, ಪುಟ, ಕಲಂ, ತೆಗೆದರೆ ಉಳಿಯುವುದೇನು. ಪ್ರತಿ ಕಾರಣದಲ್ಲೂ ಈ ನಾಲ್ಕು ಇರಲಿ. ಐದಾರು ಗಟ್ಟಿ ಕಾರಣಗಳು ಮೂವತ್ತು ಸಡಿಲ ಕಾರಣಗಳಿಗಿಂತ ಮೇಲು. ಸರ್ಕಾರದ ಕಡೆಯವರು ಬಿಎನ್‌ಎಸ್‌ಎಸ್ 511ನೇ ಕಲಮನ್ನೂ ಎತ್ತುತ್ತಾರೆ: ನ್ಯಾಯಕ್ಕೆ ಚ್ಯುತಿ ಆಗದಿದ್ದರೆ ಕಾರ್ಯವಿಧಾನದ ತಪ್ಪಿಗೆ ತೀರ್ಪು ಬದಲಾಗದು, ಆಕ್ಷೇಪವನ್ನು ಮೊದಲೇ ಎತ್ತಬಹುದಿತ್ತೇ ಎಂಬುದನ್ನೂ ನೋಡಲಾಗುತ್ತದೆ. ಅದಕ್ಕೆ ಉತ್ತರವನ್ನು ನಿಮ್ಮ ಕಾರಣಗಳಲ್ಲೇ ಮೊದಲು ಇಟ್ಟುಬಿಡಿ.

ಹೊಸ ತಜ್ಞರನ್ನು ಮೇಲ್ಮನವಿಯಲ್ಲಿ ಕರೆಸಬಹುದೇ

ಬಿಎನ್‌ಎಸ್‌ಎಸ್ 432ನೇ ಕಲಂ, ಹಳೆಯ 391, ಹೆಚ್ಚುವರಿ ಸಾಕ್ಷ್ಯಕ್ಕೆ ಅವಕಾಶ ಕೊಡುತ್ತದೆ, ಆದರೆ ಅದು ಅಗತ್ಯವೆಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕು. ವಿಚಾರಣೆಯಲ್ಲಿ ಬಿಟ್ಟುಹೋದ ತೂತು ಮುಚ್ಚಲು ಅದು ಸಿಗುವುದಿಲ್ಲ. ಆಗ ಯಾಕೆ ಆಗಲಿಲ್ಲ, ಈಗ ಯಾಕೆ ಬೇಕು, ಬಂದರೆ ಯಾವ ತೀರ್ಮಾನ ಬದಲಾಗುತ್ತದೆ ಎಂದು ಅಫಿಡವಿಟ್ಟಿನಲ್ಲಿ (ಪ್ರಮಾಣ ಮಾಡಿದ ಲಿಖಿತ ಹೇಳಿಕೆಯಲ್ಲಿ) ಬರೆದು ಅರ್ಜಿ ಹಾಕಿ. ಹೆಚ್ಚಿನ ಪ್ರಕರಣಗಳಲ್ಲಿ ಇದರ ಅಗತ್ಯ ಬೀಳುವುದಿಲ್ಲ. ಪ್ರಾಸಿಕ್ಯೂಷನ್ನಿನ ತಜ್ಞರು ಪಾಟೀ ಸವಾಲಿನಲ್ಲಿ ಒಪ್ಪಿಕೊಂಡ ಎರಡು ಮಾತುಗಳಲ್ಲೇ ಬೇಕಾದದ್ದು ಸಿಗುತ್ತದೆ.

ವಾದದ ದಿನ, ಮತ್ತು ಏನು ಕೇಳಬೇಕು

ಮೂರು ಪುಟದ ಸಾರಾಂಶ ಕೊಡಿ, ಜೊತೆಗೆ ನಿಮ್ಮ ನಿಶಾನೆಗಳ ಹಾಳೆ. ಮಹಜರು, ಪತ್ರ, ವರದಿಗಳ ಪುಟ ಸಂಖ್ಯೆಯನ್ನು ಪೇಪರ್ ಬುಕ್ಕಿನ (ಮೇಲ್ಮನವಿಗೆಂದು ಪುಟ ಹಾಕಿ ಕಟ್ಟಿದ ಕಡತದ ಪ್ರತಿಯ) ಪ್ರಕಾರ ಗುರುತಿಸಿ. ನ್ಯಾಯಮೂರ್ತಿಗಳು ಬಿಳಿ ಬಟ್ಟೆಯನ್ನೂ ಕಂದು ಕಾಗದವನ್ನೂ ತಮ್ಮ ಕಣ್ಣಿನಿಂದಲೇ ನೋಡಲಿ. ವಕೀಲರು ಗೈರಾದರು ಎಂಬ ಕಾರಣಕ್ಕೆ ಕಡತವನ್ನೇ ನೋಡದೆ ಮೇಲ್ಮನವಿಯನ್ನು ವಜಾ ಮಾಡುವಂತಿಲ್ಲ ಎಂದು 1996ರ ಬಾನಿ ಸಿಂಗ್ ಪ್ರಕರಣ ಹೇಳಿದೆ. ಅದನ್ನು ನೆಚ್ಚಿ ಗೈರಾಗಬೇಡಿ.

ಪ್ರಾರ್ಥನೆಯಲ್ಲಿ ಮೊದಲು ಕೇಳಬೇಕಾದ್ದು ಬಿಡುಗಡೆ. ಬಿಎನ್‌ಎಸ್‌ಎಸ್ ಕಲಂ 427, ಹಳೆಯ 386, ಮರುವಿಚಾರಣೆಗೂ ಅಧಿಕಾರ ಕೊಡುತ್ತದೆ, ಆದರೆ ಅದು ಅಪರೂಪದ ದಾರಿ. ಅದನ್ನು ಕೇಳುವ ಮೊದಲು ಜೈಲಿನಲ್ಲಿರುವವರ ಜೊತೆ ಕೂತು ಮಾತಾಡಿ. ಮರುವಿಚಾರಣೆ ಎಂದರೆ ಪ್ರಾಸಿಕ್ಯೂಷನ್ನಿಗೆ ಮಚ್ಚಿನ ಕಾಗದ ಸರಿಪಡಿಸಿಕೊಳ್ಳಲು ಇನ್ನೊಂದು ಅವಕಾಶ, ಆರೋಪಿಗೆ ಇನ್ನಷ್ಟು ವರ್ಷ. ಸಾಕ್ಷ್ಯ ಅಳಿಸಿದ ಮೇಲೆ ಏನೂ ಉಳಿಯದಿದ್ದರೆ ಮರುವಿಚಾರಣೆಯನ್ನು ವಿರೋಧಿಸುವುದೇ ಸರಿ.

ಹೈಕೋರ್ಟಿನಲ್ಲಿ ಸೋತರೆ ಸಂವಿಧಾನದ 136ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಬಹುದು, ಅವಧಿ ಸಾಮಾನ್ಯವಾಗಿ 90 ದಿನ. ಅಲ್ಲಿ ಸಾಕ್ಷ್ಯವನ್ನು ಮತ್ತೆ ತೂಗುವುದಿಲ್ಲ ಎನ್ನುವುದು ರೂಢಿ. ಅಗ್ರಾಹ್ಯ ಸಾಕ್ಷ್ಯದ ಮೇಲೆ ಶಿಕ್ಷೆ ನಿಂತಿದೆ ಎಂದು ತೋರಿಸಿದರೆ ಆ ರೂಢಿ ಸಡಿಲವಾಗುತ್ತದೆ. ಅಷ್ಟು ದೂರ ಹೋಗಬೇಕಾಗಿ ಬಂದರೂ ಕೈಯಲ್ಲಿರಬೇಕಾದ್ದು ಮೊದಲ ತಿಂಗಳಲ್ಲಿ ಮಾಡಿದ ಆ ನಿಶಾನೆಗಳ ಹಾಳೆ, ಪೆನ್ಸಿಲ್ ಗೆರೆ ಬಿದ್ದ ಆ ತೀರ್ಪು.